ಬಿ-304ರ ಹಸಿರು ಅಡುಗೆಮನೆ

ಏಪ್ರಿಲ್ 6, ಭಾನುವಾರ

ಈ ಡೈರಿ ನಮ್ಮ ಮನೆಯವರ ಹಳೇ ಆಫೀಸಿನದು. ಅವರು ಒಂದಕ್ಷರ ಬರೆಯುವುದಿಲ್ಲ. ಹಿಂದಿನ ಪುಟಗಳಲ್ಲಿ ನಾನು ರೊಟ್ಟಿಯ ಆರ್ಡರ್ ಬರೆದುಕೊಳ್ಳುತ್ತೇನೆ. ಇವತ್ತಿನಿಂದ ಮುಂದಿನ ಪುಟಗಳಲ್ಲೂ ಬರೆಯುತ್ತೇನೆ, ಏಕೆಂದರೆ ಈ ಮನೆಯಲ್ಲಿ ನನ್ನ ಮಾತು ಕೇಳುವುದಕ್ಕೆ ಯಾರಿಗೂ ಪುರಸೊತ್ತಿಲ್ಲ. ಮಗಳು ಶ್ರೇಯಾ ಅಂಧೇರಿಯ ಆಫೀಸಿಗೆ ಹೋಗುವಾಗಲೂ ಕಿವಿಗೆ ಇಯರ್‌ಫೋನ್, ಬರುವಾಗಲೂ ಇಯರ್‌ಫೋನ್. ಮನೆಯವರು ನಿವೃತ್ತಿಯಾಗಿ ಎರಡು ವರ್ಷವಾಯಿತು, ಅಂದಿನಿಂದ ಸೊಸೈಟಿಯ ಸೆಕ್ರೆಟರಿ. ಗೋರೆಗಾಂವ್‌ನ ಈ ಕಾಲನಿಯಲ್ಲಿ ಯಾರ ನಲ್ಲಿ ಸೋರಿದರೂ ಅವರಿಗೆ ಗೊತ್ತಾಗುತ್ತದೆ. ನಮ್ಮ ಮನೆಯ ನಲ್ಲಿ ಆರು ತಿಂಗಳಿಂದ ಸೋರುತ್ತಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ.

ಇವತ್ತು ಬೆಳಿಗ್ಗೆ ಅವರು ಅಳತೆಪಟ್ಟಿ ಹಿಡಿದುಕೊಂಡು ಅಡುಗೆಮನೆಗೆ ಬಂದರು. ನಾನು ಹಂಚಿನ ಮೇಲೆ ರೊಟ್ಟಿ ಹಾಕಿದ್ದೆ. ಇಪ್ಪತ್ತೇಳು ವರ್ಷದಲ್ಲಿ ಈ ಮನುಷ್ಯ ನೀರು ಕುಡಿಯಲಿಕ್ಕೂ ಅಡುಗೆಮನೆಗೆ ಬಂದವರಲ್ಲ. ನೀರೇ ಅವರಿದ್ದಲ್ಲಿಗೆ ಹೋಗುತ್ತಿತ್ತು. "ಸ್ವಲ್ಪ ಸರಿ" ಅಂದರು. ಸರಿದೆ.

ಯಾವುದೋ ಸಂಸ್ಥೆಯವರು ಇಲ್ಲಿನ ಕಾಲನಿಗಳಿಗೆಲ್ಲ 'ಹಸಿರು ಅಡುಗೆಮನೆ' ಅಂತ ಸ್ಪರ್ಧೆ ಇಟ್ಟಿದ್ದಾರಂತೆ. ಪರಿಸರಕ್ಕೆ ತೊಂದರೆ ಕೊಡದ ಅಡುಗೆಮನೆ ಯಾರದೋ ಅವರಿಗೆ ಜೂನ್ ಐದಕ್ಕೆ, ಪರಿಸರ ದಿನಕ್ಕೆ, ಬಹುಮಾನ. ಸೆಕ್ರೆಟರಿಯ ಮನೆ, ಅಂದರೆ ನಮ್ಮ ಬಿ-304, ಮಾದರಿಯಾಗಬೇಕಂತೆ.

"ರೊಟ್ಟಿ?" ಅಂತ ಕೇಳಿದೆ.

"ರೊಟ್ಟಿಗೇನಾಗತೈತಿ? ಇದ್ದ ಇರತೈತಿ. ಹದಿನೈದು ದಿನದ ಕೆಲಸ, ಅಷ್ಟ" ಅಂದರು.

ಅವರು ಬಂದುಹೋಗುವಷ್ಟರಲ್ಲಿ ಒಂದು ರೊಟ್ಟಿ ಸೀದಿತ್ತು. ಅದನ್ನು ನಾನೇ ತಿಂದೆ.

ಏಪ್ರಿಲ್ 9, ಬುಧವಾರ

ಡಿಸೈನ್ ಮಾಡುವ ಹುಡುಗಿ ಬಂದಿದ್ದಳು, ನಿಶ್ಮಿತಾ ಅಂತ. ಮಂಗಳೂರು ಕಡೆಯವರು, ಹುಟ್ಟಿ ಬೆಳೆದದ್ದು ಇಲ್ಲೇ. ಅವಳ ಕನ್ನಡ ಪುಸ್ತಕ ಓದಿದ ಹಾಗಿರುತ್ತದೆ, ಆದರೆ ಕಿವಿಗೆ ಹಿತ.

"ಅಂಕಲ್, ಈ ಮನೆಯಲ್ಲಿ ಅಡಿಗೆ ಮಾಡುವುದು ಯಾರು?" ಅಂತ ಕೇಳಿದಳು. "ನಾವೇ" ಅಂದರು ಮನೆಯವರು. ನನಗೆ ನಗು ಬಂತು. ಹುಡುಗಿ ಅದನ್ನು ಕಂಡಳು. ಆಮೇಲೆ ನನ್ನನ್ನೇ ಕೇಳತೊಡಗಿದಳು.

ದಿನಾ ಎಪ್ಪತ್ತು ರೊಟ್ಟಿ ಮಾಡಿ ಮಾರುವ ವಿಷಯ ಹೇಳಿದೆ. ಮೆಟ್ರೋ ಕೆಲಸದ ಸೂಪರ್‌ವೈಜರ್ ಅಣವೀರಪ್ಪನ ರೂಮಿಗೆ ಮೂವತ್ತು, ಸ್ಟೇಷನ್ ಹತ್ತಿರದ ಖಾನಾವಳಿಗೆ ಇಪ್ಪತ್ತೈದು, ಉಳಿದದ್ದು ಬಿಲ್ಡಿಂಗಿನಲ್ಲೇ ನಾಲ್ಕು ಮನೆಗೆ. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ನಾನು ಈ ಊರಿಗೆ ಬಂದದ್ದು ಅವರ ಹಿಂದೆ, ಈ ಮನೆ ಅವರದು, ಮಗಳ ಅಡ್ಡಹೆಸರೂ ಅವರದು. ಇವರ ಹೆಂಡತಿ ಅಂತಲ್ಲದೆ, ಶಿವಕುಮಾರಿಬಾಯಿ ಅಂತ ನನ್ನನ್ನು ಕರೆಯುವುದು ಆ ಎಪ್ಪತ್ತು ರೊಟ್ಟಿ ತಿನ್ನುವವರು ಮಾತ್ರ. ಇಷ್ಟೆಲ್ಲ ಆ ಹುಡುಗಿಗೆ ಹೇಳಲಿಲ್ಲ. "ರೊಟ್ಟಿಗೆ ಉರಿ ಬೇಕವ್ವಾ, ಉರಿಯಿಲ್ಲದೆ ಉಬ್ಬೋದಿಲ್ಲ" ಅಂತಷ್ಟೇ ಹೇಳಿದೆ.

"ಹಾಗಾದರೆ ಮೂಲೆಯಲ್ಲಿ ಒಂದು ಗ್ಯಾಸ್ ಬರ್ನರ್ ಉಳಿಸುವ ಆಂಟಿ" ಅಂದಳು. ನನ್ನ ಎದುರಿಗೇ ಕಾಗದದ ಮೇಲೆ ಬರ್ನರಿನ ಗುರುತಿಗೆ ಒಂದು ಗುಂಡು ಬರೆದಳು.

ಹೋಗುವಾಗ ಫಾರಂ ತುಂಬಬೇಕು ಅಂತ, "ಅಂಕಲ್ ಹೆಸರು ಎಂತ ಆಂಟಿ?" ಅಂದಳು. ಬಾಗಿಲ ಬೋರ್ಡ್ ನೋಡು ಅಂದೆ. ಕೊರಿಯರ್‌ನವನಿಗೂ ಅದೇ, ಬ್ಯಾಂಕಿನಲ್ಲೂ ಅದೇ. ಶ್ರೇಯಾ ಸಣ್ಣವಳಿದ್ದಾಗ ಮಮ್ಮಿಗೆ ಪಪ್ಪನ ಹೆಸರೇ ಗೊತ್ತಿಲ್ಲ ಅಂತ ಶಾಲೆಯಲ್ಲಿ ಹೇಳಿ ಬಂದಿದ್ದಳು. ನಮ್ಮ ಕಡೆ ಗಂಡನ ಹೆಸರನ್ನು ಒಡಪಿನಲ್ಲಿ, ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ, ಬಿಟ್ಟರೆ ಬರಿ ಬಾಯಲ್ಲಿ ಹೇಳುವಂತಿಲ್ಲ. ನಾನು ಹೇಳಿದ್ದು ಮದುವೆಯಾಗಿ ಹೊಸ್ತಿಲು ದಾಟುವಾಗ, ಒಂದೇ ಸಲ:

ಎಳ್ಳು ಹಚ್ಚಿದ ರೊಟ್ಟಿ, ಎಣ್ಣಿಗಾಯಿ ಪಲ್ಲೆ,
____ ಅವರ ಒಲಿ ಮುಂದ ನಾ ಕುಂತಿರತೇನಿ ಇಲ್ಲೆ.

ಬರೆಯುವಾಗಲೂ ಗೆರೆಯನ್ನೇ ಎಳೆದೆ. ಯಾರೂ ಓದದ ಡೈರಿಯಲ್ಲೂ ಕೈ ಬರಲಿಲ್ಲ.

ಏಪ್ರಿಲ್ 17, ಗುರುವಾರ

ಒಡೆಯಲು ಶುರುಮಾಡಿದರು. ಕಡಪಾ ಕಲ್ಲಿನ ಕಟ್ಟೆ ಏಳಲಿಲ್ಲ. ಇಬ್ಬರು ಸುತ್ತಿಗೆ ಹಿಡಿದು ಮಧ್ಯಾಹ್ನದವರೆಗೆ ಹೊಡೆದರು. ನಾನು ರೊಟ್ಟಿ ಬಡಿಯುತ್ತಿದ್ದ ಜಾಗದಲ್ಲಿ ಕಲ್ಲು ಸವೆದು ಅಂಗೈಯಗಲ ತಗ್ಗು ಬಿದ್ದಿತ್ತು. ಕೆಲಸದವನು ಅದರ ಮೇಲೆ ಬೀಡಿ ಆರಿಸಿದ.

ಗಟ್ಟಿಮುಟ್ಟಾದ ಕಲ್ಲು, ಸಾಗವಾನಿ ಕಪಾಟು, ಹಿತ್ತಾಳೆ ನಲ್ಲಿ ಎಲ್ಲ ಕೆಳಗೆ ಹೋಯಿತು. ಕಲ್ಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಟೆಂಪೊ ಮೂರು ಸಲ ಬಂದು ಹೊತ್ತುಕೊಂಡು ಹೋಯಿತು. ಅವುಗಳ ಜಾಗಕ್ಕೆ ಬಿದಿರಿನ ಕಪಾಟು ಬರುತ್ತದಂತೆ. ಹಳೇ ಗಾಜಿನ ಚೂರು ಅರೆದು ಮಾಡಿದ ಕಟ್ಟೆ ಗುಜರಾತಿನಿಂದ ಲಾರಿಯಲ್ಲಿ ಬರುತ್ತದಂತೆ. ಪರಿಸರ ಉಳಿಸುವುದಕ್ಕೆ.

ಪಾತ್ರೆ ತೊಳೆಯುವ ಶರಣವ್ವ ಸಿಂದಗಿ ಕಡೆಯವಳು, ಆರೆ ರಸ್ತೆಯ ಚಾಳಿನಲ್ಲಿರುತ್ತಾಳೆ. "ಅಕ್ಕಾರ, ಆ ಕಲ್ಲು ಒಗೀತಾರೇನ್ರಿ? ನನಗ ಕೊಡ್ರಿ" ಅಂದಳು. ತಗೊಂಡು ಹೋಗು ಅಂದೆ. ಅವಳ ಗಂಡ ಕೈಗಾಡಿ ತಂದು ಒಯ್ದ. ಎರಡು ಬರ್ನರಿನ ಹಳೇ ಗ್ಯಾಸ್ ಶೆಗಡಿಯನ್ನೂ ಕೊಟ್ಟೆ. ಹೊಸದು ಬರುತ್ತದಲ್ಲ.

ಅವಳು ಚಹಾ ಕುಡಿದು ತನ್ನ ಲೋಟ ತೊಳೆದು ಕಿಟಕಿಯ ಸರಳಿನ ಹತ್ತಿರ ಇಟ್ಟು ಹೋದಳು. ಅವಳ ಲೋಟ ಇರುವುದು ಅಲ್ಲೇ.

ಏಪ್ರಿಲ್ 29, ಮಂಗಳವಾರ

ಹದಿನೈದು ದಿನ ಅಂದದ್ದು ತಿಂಗಳಾಗುವ ಲಕ್ಷಣ. ಅಣವೀರಪ್ಪ ಎರಡು ಸಲ ಫೋನ್ ಮಾಡಿದ. "ಬಾಯಿಯವರ, ಹುಡುಗರು ಪಾವ್ ತಿಂದು ತಿಂದು ಹೊಟ್ಟಿ ಹಿಡಕೊಂಡಾರ. ಯಾವಾಗ ಚಾಲೂ ಮಾಡತೀರಿ?" ಮುಂದಿನ ವಾರ ಅಂದೆ. ಕಳೆದ ವಾರವೂ ಮುಂದಿನ ವಾರ ಅಂದಿದ್ದೆ.

ಮನೆಯವರಿಗೆ ಹೇಳಿದರೆ, "ಐವತ್ತೆರಡ ಆತು ನಿನಗ, ಇನ್ನ ಸಾಕ ಮಾಡು. ಆರಾಮ ಇರು" ಅಂದರು. ನನಗೆ ಆರಾಮ ಬೇಕಿತ್ತೆಂದು ಇವರಿಗೆ ಹೇಳಿದವರು ಯಾರು? ಜ್ವರ ಬಂದು ಮಲಗಿದ ದಿನವೂ ಇವರ ಡಬ್ಬಿ ತಪ್ಪಿಸಿದವಳಲ್ಲ ನಾನು. ಆಗ ಒಂದು ದಿನವೂ ಆರಾಮ ಇರು ಅನ್ನಲಿಲ್ಲ.

ಮೇ 15, ಗುರುವಾರ

ದಾದರ್‌ನಲ್ಲಿ ಸಂಬಂಧಿಕರ ಸೀಮಂತ ಇತ್ತು. ಸಂಜೆ ಲೋಕಲ್ ಇಳಿದು ಮನೆಗೆ ಬಂದರೆ ಅಡುಗೆಮನೆ ಮುಗಿದಿದೆ. ನೋಡಲಿಕ್ಕೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಎಲ್ಲ ಹೊಳೆಯುತ್ತದೆ. ಸೊಪ್ಪಿನ ಕುಂಡಗಳಿವೆ, ಕಸ ಗೊಬ್ಬರ ಮಾಡುವ ಡಬ್ಬಿ ಇದೆ. ಮೂಲೆಯಲ್ಲಿ ಬರ್ನರ್ ಹುಡುಕಿದೆ. ಇಲ್ಲ. ಇಂಡಕ್ಷನ್ ಮಾತ್ರ ಇದೆ, ಕರಿ ಗಾಜಿನ ಹಲಗೆ. ಪೈಪಿನ ಗ್ಯಾಸ್ ಬರುತ್ತಿದ್ದ ಜಾಗಕ್ಕೆ ಮುಚ್ಚಳ ಹಾಕಿ ಸೀಲ್ ಮಾಡಿದ್ದಾರೆ. ಮನೆಯವರು ಕನೆಕ್ಷನ್ನನ್ನೇ ವಾಪಸ್ ಮಾಡಿ ಬಂದಿದ್ದಾರೆ, ನನಗೆ ಒಂದು ಮಾತು ಹೇಳದೆ.

ನಿಶ್ಮಿತಾ ಕೆಲಸವನ್ನು ಕೊನೆಯ ಸಲ ನೋಡಿಹೋಗಲು ಬಂದಿದ್ದಳು. "ಅವ್ವಾ, ಆ ಗುಂಡು ಎಲ್ಲಿ ಹೋಯಿತು?" ಅಂತ ಕೇಳಿದೆ. ಪಾಪ, ಅವಳ ಮುಖ ಸಣ್ಣದಾಯಿತು. ಚೀಲದಿಂದ ನಕ್ಷೆ ತೆಗೆದು ತೋರಿಸಿದಳು. ಗುಂಡಿನ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಹೊಡೆದಿತ್ತು. ಪಕ್ಕದಲ್ಲಿ ಮನೆಯವರ ಸಹಿ.

"ಗ್ಯಾಸ್ ಪೂರ್ತಿ ತೆಗೆದರೆ ಇಪ್ಪತ್ತು ಮಾರ್ಕ್ ಜಾಸ್ತಿ ಅಂತ ಅಂಕಲ್ ಹೇಳಿದ್ರು. ನಿಮ್ಮ ಹತ್ರ ಕೇಳಿದ್ದೇನೆ, ನೀವೂ ಆಯ್ತು ಅಂದಿದ್ದೀರಿ ಅಂದ್ರು ಆಂಟಿ. ನನಗೆ ಗೊತ್ತೇ ಇರಲಿಲ್ಲ."

ಕೇಳಿದ್ದಾರಂತೆ. ಆಯ್ತು ಅಂದಿದ್ದೇನಂತೆ. ಇಪ್ಪತ್ತು ಮಾರ್ಕಿಗೆ ಎಪ್ಪತ್ತು ರೊಟ್ಟಿ.

ಮೇ 16, ಶುಕ್ರವಾರ

ನನ್ನ ಹಂಚಿಗೆ ನಡುವೆ ತಗ್ಗು. ಇಂಡಕ್ಷನ್ ಮೇಲೆ ಅದು ತೊಟ್ಟಿಲಿನ ಹಾಗೆ ತೂಗಾಡಿತು, ಕಾಯಲಿಲ್ಲ. ಅವರು ತಂದಿಟ್ಟ ಚಪ್ಪಟೆ ಹಂಚಿನಲ್ಲಿ ಮಾಡಿ ನೋಡಿದೆ. ನಡುವೆ ಸೀಯಿತು, ಅಂಚು ಹಸಿ. ಉರಿಗೆ ಹಿಡಿಯದೆ ರೊಟ್ಟಿ ಉಬ್ಬುವುದು ಎಲ್ಲಿಂದ? ಮುದುಡಿದ ಚರ್ಮದ ಹಾಗೆ ಬಿದ್ದುಕೊಂಡಿತು. ಹೊಸ ಕಟ್ಟೆಯ ಮೇಲೆ ರೊಟ್ಟಿ ಬಡಿಯಲು ಹೋದರೆ ಹೊರಗಿನಿಂದ ಮನೆಯವರ ಕೂಗು ಬಂತು: "ಗಾಜ ಐತದು, ಸೀಳು ಬಿಡತೈತಿ!"

ಅವರನ್ನು ಕೇಳಿಯೇ ಬಿಟ್ಟೆ. "ನಾ ಯಾವಾಗ ಆಯ್ತು ಅಂದೇನ್ರಿ?"

ಪೇಪರ್ ಮಡಚಿದರು. "ನೋಡು, ಬಿಚ್ಚಿ ಹೇಳತೇನಿ. ಸೆಕ್ರೆಟರಿ ಹೇಣತಿ ಮನಿ ಮನಿಗೆ ರೊಟ್ಟಿ ಮಾರತಾಳ ಅಂತ ಲಿಫ್ಟನ್ಯಾಗ ಮಾತಾಡತಾರ. ನನ್ನ ಕಿವೀಲೆ ಕೇಳೇನಿ. ಇನ್ನ ಆ ಚಿಂತಿ ಇಲ್ಲ."

ಅಂದರೆ ಹಸಿರು ಅಡುಗೆಮನೆ ಹಸಿರಿಗಾಗಿ ಆದದ್ದಲ್ಲ, ಮಾರ್ಕಿಗಾಗಿಯೂ ಅಲ್ಲ. ಹನ್ನೊಂದು ವರ್ಷ ಇವರು ನಾಚಿಕೆಪಟ್ಟುಕೊಂಡು ನನ್ನ ರೊಟ್ಟಿ ತಿಂದಿದ್ದಾರೆ. ದಿನಾ ಮೂರು, ಬಿಸಿಬಿಸಿ.

ಹೊಟ್ಟೆ ಉರಿಯುತ್ತಿದೆ. ಈ ಮನೆಯಲ್ಲಿ ಈಗ ಉರಿ ಇರುವುದು ಅದೊಂದೇ ಜಾಗದಲ್ಲಿ.

ಮೇ 17

ಏನೂ ಬರೆಯುವುದಿಲ್ಲ.

ಮೇ 24, ಶನಿವಾರ

ಅಣವೀರಪ್ಪ ಬೇರೆ ಕಡೆ ರೊಟ್ಟಿ ಹೇಳಿದ್ದಾನೇನೋ ಅಂತ ಹೆದರಿಕೆಯಿತ್ತು. ಹೇಳಿಲ್ಲ. "ನಿಮ್ಮ ಕೈ ರೊಟ್ಟಿ ತಿಂದವರ ನಾವು. ಇನ್ನೊಂದು ವಾರ ನೋಡತೇವಿ" ಅಂದ. ಒಂದು ವಾರ ಅಂದರೆ ಒಂದೇ ವಾರ, ಎರಡಲ್ಲ. ಹಸಿದವರನ್ನು ಎಷ್ಟು ದಿನ ಕಾಯಿಸುವುದು?

ಶರಣವ್ವನ ಮುಂದೆ ಕಣ್ಣೀರು ಹಾಕಿದೆ. ಕೆಲಸದವಳ ಮುಂದೆ ಅಳಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು. ಅವರಿಗೆ ಇಂಡಕ್ಷನ್ ಇರಲಿಲ್ಲ.

"ಅಕ್ಕಾರ, ನಿಮ್ಮ ಒಲಿ ನಮ್ಮನ್ಯಾಗ ಐತಿ. ನಿಮ್ಮ ಕಲ್ಲೂ ನಮ್ಮನ್ಯಾಗ ಐತಿ. ನೀವ ಬರಬೇಕಷ್ಟ" ಅಂದಳು.

ಹೋದೆ. ಒಂದೇ ಖೋಲಿ. ಗೋಡೆಗೆ ಹಚ್ಚಿ ಇಟ್ಟಿಗೆಯ ಮೇಲೆ ನನ್ನ ಕಲ್ಲು ಹಾಸಿದ್ದಾಳೆ. ಒಂದು ಮೂಲೆ ಒಡೆದಿದೆ, ತಗ್ಗು ಹಾಗೇ ಇದೆ. ಕೈ ಇಟ್ಟರೆ ಕೂತಿತು. ಸಿಲಿಂಡರ್ ಹಚ್ಚಿ, ಎಸರಿಟ್ಟು, ಹಿಟ್ಟು ನಾದಿ, ಮೊದಲ ರೊಟ್ಟಿ ಬಡಿದು ಉರಿಗೆ ಹಿಡಿದೆ. ಉಬ್ಬಿತು. ಚಾಳಿನ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಇಬ್ಬರೂ ಸೇರಿ ಮೂವತ್ತು ಮಾಡಿದೆವು. ಅವಳು ತೆಳ್ಳಗೆ ಬಡಿಯುತ್ತಾಳೆ, ನನಗಿಂತ ಚೆನ್ನಾಗಿ. ನನ್ನ ಮನೆಯಲ್ಲಿ ಏಳು ವರ್ಷ ಪಾತ್ರೆ ತಿಕ್ಕಿದಳು, ನಿನಗೆ ರೊಟ್ಟಿ ಬರುತ್ತದೇನೇ ಅಂತ ನಾನು ಕೇಳಿರಲಿಲ್ಲ.

ಚಹಾ ಕೊಟ್ಟಳು. ಲೋಟವನ್ನು ಸೆರಗಿನಿಂದ ಒರೆಸಿ ಕೊಟ್ಟಳು. ನಮ್ಮ ಕಿಟಕಿಯಲ್ಲಿರುವ ಅವಳ ಲೋಟ ನೆನಪಾಯಿತು. ಮನೆಗೆ ಬಂದವಳೇ ಅದನ್ನು ಕಪಾಟಿನೊಳಗೆ, ಉಳಿದ ಲೋಟಗಳ ಸಾಲಿನಲ್ಲಿಟ್ಟೆ.

ಜೂನ್ 3, ಮಂಗಳವಾರ

ಬೆಳಿಗ್ಗೆ ಆರಕ್ಕೆ ಶರಣವ್ವನ ಮನೆಗೆ ಹೋಗುತ್ತೇನೆ, ಹನ್ನೊಂದಕ್ಕೆ ಬರುತ್ತೇನೆ. ಮನೆಯವರು ವಾಕಿಂಗ್, ಆಮೇಲೆ ಮಾರ್ಕೆಟ್ಟು ಅಂದುಕೊಂಡಿದ್ದಾರೆ. ಅವರು ಕೇಳಿಲ್ಲ, ನಾನು ಹೇಳಿಲ್ಲ.

ಇವತ್ತು ಕೇಳಿದ್ದು ಬೇರೆ. "ನಾಡಿದ್ದ ನಲವತ್ತ ಮಂದಿ ಬರತಾರ. ಪಾರಂಪರಿಕ ಊಟ ಇರಬೇಕಂತ. ರೊಟ್ಟಿ ಮಾಡಿಬಿಡು."

"ಇದರ ಮ್ಯಾಲ ಆಗಂಗಿಲ್ಲಲ್ರಿ."

"ಎಲ್ಲಿಂದರ ತರಿಸು. ಯಾರ ಕೇಳತಾರ?"

ಜೂನ್ 5, ಗುರುವಾರ

ಬೆಳಿಗ್ಗೆ ನಾಲ್ಕಕ್ಕೇ ಹೋಗಿ ಶರಣವ್ವನ ಸಿಲಿಂಡರಿನ ಮೇಲೆ ನಲವತ್ತೈದು ರೊಟ್ಟಿ ಮಾಡಿಕೊಂಡು ಬಂದೆವು. ಮನೆಯವರು ಅವನ್ನು ಇಂಡಕ್ಷನ್ ಪಕ್ಕ ಬಾಳೆಲೆಯ ಮೇಲೆ ಜೋಡಿಸಿದರು. ಒಂದನ್ನು ಚಪ್ಪಟೆ ಹಂಚಿನ ಮೇಲಿಟ್ಟು, ಈಗ ತಾನೇ ಬೆಂದ ಹಾಗೆ, ಫೋಟೊ ತೆಗೆಸಿದರು. ಉಳಿದ ಅಡುಗೆ ಹೋಟೆಲಿನಿಂದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಂತು. ಡಬ್ಬಿಗಳನ್ನು ಬೆಡ್‌ರೂಮಿನ ಮಂಚದ ಕೆಳಗೆ ತಳ್ಳಿದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಸಂಸ್ಥೆಯವರು ಬಂದರು, ನೋಡಿದರು, ಕುಂಡದ ಕೊತ್ತಂಬರಿ ಮೂಸಿದರು. ಮೊದಲ ಬಹುಮಾನ ನಮಗೇ. ಬೆಂಕಿಯಿಲ್ಲದ ಅಡುಗೆಮನೆಯಲ್ಲೂ ಇಂಥ ರೊಟ್ಟಿ ಆಗುತ್ತದೆ ಅಂತ ಎಲ್ಲರೂ ಕಲಿಯಬೇಕು ಅಂದರು. ಮನೆಯವರು ಕೈಮುಗಿದರು. "ಹಮಾರಿ ಮಿಸಸ್ ಕಾ ಸಪೋರ್ಟ್" ಅಂದರು. ಸಪೋರ್ಟ್ ಮಾಡಿದವಳು ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಶರಣವ್ವ ಲಿಫ್ಟಿನ ಹತ್ತಿರ ನಿಂತಿದ್ದಳು, ಒಳಗೆ ಬಾ ಅಂದರೂ ಬರಲಿಲ್ಲ.

ಆಗ ಪಕ್ಕದ ಮನೆಯ ಮಾಧುರಿ ಶುರುಮಾಡಿದಳು: "ವಹಿನಿ, ಉಖಾಣಾ ಘ್ಯಾ!" ಮರಾಠಿಯವರಲ್ಲೂ ಒಡಪು ಇದೆ, ಉಖಾಣಾ ಅಂತ, ಹೊಸ ಮನೆಗೆ, ಹೊಸ ಒಲೆಗೆ ಗಂಡನ ಹೆಸರು ಹೇಳಿಸುತ್ತಾರೆ. ಹೆಂಗಸರೆಲ್ಲ ಹಿಡಿದುಕೊಂಡರು. ಮರಾಠಿ ಒಡಪು ನನಗೆ ಬಾರದು ಅಂದೆ. ಕನ್ನಡದಲ್ಲೇ ಹೇಳಿ, ನಾವು ಚಪ್ಪಾಳೆ ಹೊಡೆಯುತ್ತೇವೆ ಅಂದರು. ಮನೆಯವರೂ, "ಹೇಳು, ಹೇಳು, ಮದಿವ್ಯಾಗ ಹೇಳಿದ್ದ ಹೇಳು" ಅಂದರು.

ಹಳೆಯದನ್ನೇ ಹೇಳಬೇಕು ಅಂತ ಬಾಯಿ ತೆರೆದೆ. ಒಲಿ ಮುಂದ ಕುಂತಿರತೇನಿ ಅನ್ನುವುದು ನೆನಪಾಯಿತು. ಯಾವ ಒಲೆ? ಬಾಯಿಗೆ ಬಂದದ್ದು ಇದು:

ಹಂಚಿಲ್ಲ, ಹೊಗಿಯಿಲ್ಲ, ಹಿಟ್ಟಿನ ಧೂಳಿಲ್ಲ,
ಗುರಲಿಂಗಪ್ಪನವರ ಮನ್ಯಾಗ ನನಗೊಂದು ಒಲಿಯಿಲ್ಲ.

ಚಪ್ಪಾಳೆಯೋ ಚಪ್ಪಾಳೆ. ಶ್ರೇಯಾ ಕೂಡ ಎರಡು ತಟ್ಟಿದಳು, ಮೂರನೆಯದಕ್ಕೆ ಕೈ ನಿಂತಿತು. ಅವಳಿಗೆ ಕನ್ನಡ ಮಾತಾಡಲು ತಡವರಿಕೆ, ಅರ್ಥ ಮಾತ್ರ ಎಲ್ಲ ಆಗುತ್ತದೆ.

ಅರ್ಥವೇನು ಅಂತ ಸಂಸ್ಥೆಯವರು ಕೇಳಿದರು. ಮನೆಯವರು ಒಂದು ಗಳಿಗೆ ನನ್ನನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು, ನೂರಕ್ಕೆ ನೂರು. ಆಮೇಲೆ ನಗುತ್ತ ಮರಾಠಿಯಲ್ಲಿ ಹೇಳಿದರು: ಇನ್ನು ಮೇಲೆ ಹೊಗೆಯಿಲ್ಲ, ಧೂಳಿಲ್ಲ, ಒಲೆ ಊದುವ ಕಷ್ಟವಿಲ್ಲ, ಎಲ್ಲ ನಮ್ಮ ಯಜಮಾನರಿಂದ ಅನ್ನುತ್ತಿದ್ದಾಳೆ ಅಂತ. ಮತ್ತೊಮ್ಮೆ ಚಪ್ಪಾಳೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಲ್ಲಿಗೆ ಏನೋ ಮುಗಿದ ಹಾಗಾಯಿತು.

ಜೂನ್ 6, ಶುಕ್ರವಾರ

ಶ್ರೇಯಾ ಆಫೀಸಿಗೆ ಹೋಗುವ ಮುಂಚೆ ಇಯರ್‌ಫೋನ್ ತೆಗೆದು ಕೈಯಲ್ಲಿ ಹಿಡಿದು ನಿಂತಳು. "ಮಮ್ಮಿ, ನೀನು ಕಲ್ ಬೋಲಾ ವೋ... ಅದು ನಿಜ ಹೈ ನಾ?"

"ಊಟದ ಡಬ್ಬಿ ಮರೀಬ್ಯಾಡ" ಅಂದೆ.

ಜೂನ್ 20, ಶುಕ್ರವಾರ

ಮಳೆ ಹಿಡಿದಿದೆ. ಆರೆ ರಸ್ತೆಯಲ್ಲಿ ರಿಕ್ಷಾ ಸಿಗುವುದಿಲ್ಲ. ನಿನ್ನೆ ಶರಣವ್ವನಲ್ಲೇ ಉಳಿದೆ. ಅವಳ ಗಂಡನಿಗೆ ನಾಸಿಕ್ ಕಡೆ ಎರಡು ತಿಂಗಳ ಕೆಲಸ, ಜಾಗ ಸಾಲುತ್ತದೆ. ಬೆಳಿಗ್ಗೆ ಬೇಗ ಎಸರಿಡಬಹುದು. ಅಣವೀರಪ್ಪ ಇನ್ನೊಂದು ರೂಮಿನವರನ್ನು ಹಚ್ಚಿಕೊಟ್ಟಿದ್ದಾನೆ. ಖಾನಾವಳಿಯವರು ಇಪ್ಪತ್ತೈದನ್ನು ನಲವತ್ತು ಮಾಡಿದ್ದಾರೆ.

ಬಿ-304ಕ್ಕೆ ಫೋನ್ ಮಾಡಿ ಹೇಳಿದೆ, ಇವತ್ತೂ ಆಗುವುದಿಲ್ಲ ಅಂತ. "ಎಷ್ಟ ದಿನ?" ಅಂದರು. "ಹದಿನೈದು ದಿನದ ಕೆಲಸ, ಅಷ್ಟ" ಅಂದೆ.

ಜುಲೈ 9, ಬುಧವಾರ

ಶ್ರೇಯಾ ಬಂದಿದ್ದಳು, ನನ್ನ ಎರಡು ಸೀರೆ, ಕನ್ನಡಕ ತಂದಳು. ಮೆಟ್ಟಿಲ ಮೇಲೆ ಕೂತು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಇಂಡಕ್ಷನ್ ಕುಂಯ್ ಕುಂಯ್ ಅನ್ನುತ್ತದಂತೆ, ಪಪ್ಪಾಗೆ ಅದು ಯಾಕೆ ಅಂತ ತಿಳಿಯುವುದಿಲ್ಲವಂತೆ. ಅದರ ಮೇಲೆ ಸರಿಯಾದ ಪಾತ್ರೆ ಇಡದಿದ್ದರೆ ಹಾಗೆ ಅನ್ನುತ್ತದೆ. ಪಪ್ಪಾಗೆ ಹೇಳು ಅಂದೆ.

ಸಂಜೆ ಫೋನ್ ಬಂತು. ಶರಣವ್ವ ತೆಗೆದಳು, ಕೈಗೆಲ್ಲ ಹಿಟ್ಟಾಗಿದ್ದರೂ. ಕೇಳಿ, ಬಾಯಿಗೆ ಸೆರಗು ಹಚ್ಚಿಕೊಂಡಳು. ಬಿ-304ರಿಂದ. ದಿನಾ ನಾಲ್ಕು ರೊಟ್ಟಿ ಕಳಿಸಲಾದೀತೇ ಅಂತ. ಬರೆದುಕೊಂಡೆ.

ನಾಳೆಯ ಪಟ್ಟಿಯನ್ನು ಅವಳಿಗೆ ಓದಿ ಹೇಳಿದೆ, ದಿನಾ ಹೇಳುವ ಹಾಗೆ. ಅಣವೀರಪ್ಪ ಮೂವತ್ತು. ಅವನ ಪಕ್ಕದ ರೂಮು ಇಪ್ಪತ್ತು. ಖಾನಾವಳಿ ನಲವತ್ತು. ಮಾಧುರಿ ಐದು. ಗುರಲಿಂಗಪ್ಪ ನಾಲ್ಕು.

ಎಸರಿಡುತ್ತಿದ್ದ ಶರಣವ್ವ ಹಾಗೇ ನಿಂತು ನನ್ನ ಮುಖ ನೋಡಿದಳು.

"ಯಾಕವ್ವಾ, ಎಣಿಕಿ ತಪ್ಪೇತೇನು?" ಅಂದೆ.

"ಇಲ್ರಿ ಅಕ್ಕಾರ. ಎಣಿಕಿ ಬರೋಬರಿ ಐತಿ" ಅಂದಳು.